ಸಸ್ಯಭರಿತ ಅಕ್ವೇರಿಯಂ: ತೊಂದರೆ ಗುರುತಿಸುವುದು, ಆರೈಕೆ ಮಾಡುವುದು ಹೇಗೆ?

ಬೆಟ್ಟಂಪಾಡಿ (ಪುತ್ತೂರು): ಗಾಜಿನ ತೊಟ್ಟಿಯಲ್ಲಿ ಜಲಸಸ್ಯಗಳನ್ನು ಬೆಳೆಸಿ, ಅವುಗಳ ನಡುವೆ ಪುಟ್ಟ ಮೀನುಗಳನ್ನು ಸಾಕುವ ಹವ್ಯಾಸ ಈಗ ಮಹಾನಗರಗಳಿಗಷ್ಟೇ ಸೀಮಿತವಾಗಿಲ್ಲ. ಆದರೆ ತೊಟ್ಟಿ ತಂದ ಉತ್ಸಾಹ ಬಹಳಷ್ಟು ಮನೆಗಳಲ್ಲಿ ಮೂರು ತಿಂಗಳು ಬಾಳುವುದಿಲ್ಲ. ಎಲೆ ಹಳದಿಯಾಗುತ್ತದೆ, ಗಾಜಿಗೆ ಪಾಚಿ ಹಿಡಿಯುತ್ತದೆ, ಒಂದು ಬೆಳಿಗ್ಗೆ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿರುತ್ತವೆ. ಮನೆಯವರು ಅಂಗಡಿಗೆ ಹೋಗಿ ಯಾವುದೋ ಬಾಟಲಿಯ ಔಷಧ ತಂದು ಸುರಿಯುತ್ತಾರೆ. ತೊಂದರೆ ಇಮ್ಮಡಿಯಾಗುತ್ತದೆ.

ಇದಕ್ಕೆ ಮುಖ್ಯ ಕಾರಣ ಒಂದೇ. ಅಕ್ವೇರಿಯಂ ಕುರಿತ ಸಲಹೆಗಳು ಎಲ್ಲ ಊರಿಗೂ ಒಂದೇ ಎಂಬಂತೆ ಹರಿದಾಡುತ್ತವೆ. ನೀರು ಮಾತ್ರ ಊರಿಂದೂರಿಗೆ ಬೇರೆಯಾಗಿರುತ್ತದೆ. ಬೆಂಗಳೂರಿನ ಕೊಳವೆಬಾವಿಯ ಗಡಸು ನೀರಿಗೆ ಹೇಳಿದ ಮದ್ದು ಕೇರಳ ಗಡಿಗೆ ಸಮೀಪದ ಬೆಟ್ಟಂಪಾಡಿಯ ಬಾವಿನೀರಿಗೆ ಹೊಂದುವುದಿಲ್ಲ. ಆದ್ದರಿಂದ ಗಿಡವನ್ನಾಗಲಿ ಮೀನನ್ನಾಗಲಿ ದೂರುವ ಮೊದಲು ತನ್ನ ಮನೆಯ ನೀರು ಎಂಥದ್ದು ಎಂಬುದನ್ನು ಅರಿಯುವುದೇ ಈ ಹವ್ಯಾಸದ ಮೊದಲ ಪಾಠ.

ಮೊದಲು ನೀರನ್ನು ಅಳೆಯಿರಿ

ಪುತ್ತೂರು, ಸುಳ್ಯ ಹಾಗೂ ಗಡಿಯಾಚೆಯ ಕಾಸರಗೋಡು ಸೀಮೆಯ ನೆಲ ಬಹುಪಾಲು ಮುರಕಲ್ಲಿನದು. ಧಾರಾಕಾರ ಮಳೆ ಯುಗಯುಗಗಳಿಂದ ಈ ನೆಲದ ಸುಣ್ಣದಂಶವನ್ನು ತೊಳೆದು ಸಮುದ್ರಕ್ಕೆ ಸಾಗಿಸಿದೆ. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಮಾತ್ರ ಉಳಿದಿವೆ. ಹೀಗಾಗಿ ಇಲ್ಲಿನ ತೆರೆದ ಬಾವಿಗಳ ಮತ್ತು ಗುಡ್ಡದ ಮೈಗೆ ಅಡ್ಡಲಾಗಿ ಕೊರೆದ ಸುರಂಗಗಳ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಬಯಲುಸೀಮೆಯ ಆಳದ ಕೊಳವೆಬಾವಿಗಳ ನೀರು ಇದಕ್ಕೆ ತದ್ವಿರುದ್ಧ. ಅಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಧಿಕ. ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದೇ ಅದಕ್ಕೆ ಸಾಕ್ಷಿ.

ಲೀಟರಿಗೆ 60 ಮಿಲಿಗ್ರಾಂಗಿಂತ ಕಡಿಮೆ ಗಡಸುತನವಿದ್ದರೆ ಮೆದು ನೀರೆಂದೂ, 180ಕ್ಕಿಂತ ಹೆಚ್ಚಿದ್ದರೆ ಅತಿ ಗಡಸೆಂದೂ ಎಣಿಸುವುದು ರೂಢಿ. ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಪರೀಕ್ಷಾ ಪಟ್ಟಿ ಅಥವಾ ಹನಿ ಪರೀಕ್ಷೆಯ ಕಿಟ್‌ನಿಂದ ನಾಲ್ಕು ಸಂಗತಿಗಳನ್ನು ತಿಳಿದುಕೊಳ್ಳಬೇಕು: ಪಿಎಚ್, ಒಟ್ಟು ಗಡಸುತನ, ಕ್ಷಾರೀಯತೆ ಮತ್ತು ಅಮೋನಿಯಾ. ಈ ನಾಲ್ಕರಲ್ಲಿ ಜನ ಹೆಚ್ಚಾಗಿ ನಿರ್ಲಕ್ಷಿಸುವುದು ಕ್ಷಾರೀಯತೆಯನ್ನು. ನೀರಿನ ಪಿಎಚ್ ಏಕಾಏಕಿ ಕುಸಿಯದಂತೆ ತಡೆಹಿಡಿಯುವುದು ಅದೇ.

ಅಳೆಯುವಾಗ ಒಂದು ಎಚ್ಚರ ಅಗತ್ಯ. ಬಾವಿ ಅಥವಾ ಕೊಳವೆಬಾವಿಯಿಂದ ಆಗಷ್ಟೇ ಎತ್ತಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ. ಆಗ ಪಿಎಚ್ ನಿಜಕ್ಕಿಂತ ಕೆಳಗೆ ಕಾಣುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ಗಾಳಿಯಾಡಲು ಬಿಟ್ಟು ಅಳೆದ ಸಂಖ್ಯೆಯೇ ನಂಬಲರ್ಹ. ನೀರಿನಲ್ಲಿ ಕಬ್ಬಿಣವಿದ್ದರೆ ಅದೂ ಕೆಂಪು ಗಸಿಯಾಗಿ ತಳಕ್ಕಿಳಿಯುತ್ತದೆ. ನಗರಸಭೆಯ ನಳ್ಳಿನೀರಾದರೆ ಕ್ಲೋರಿನ್ ಇರುತ್ತದೆ. ಅದನ್ನು ಒಂದು ದಿನ ಗಾಳಿಯಾಡಿಸಿ ಅಥವಾ ಸೋಡಿಯಂ ಥಯೋಸಲ್ಫೇಟ್ ಬಳಸಿ ನಿವಾರಿಸಿಕೊಳ್ಳಬೇಕು. ಹೀಗೆ ಕೂಡಿಟ್ಟ ನೀರನ್ನು ಮುಚ್ಚಿಡುವುದು ಕಡ್ಡಾಯ. ತೆರೆದಿಟ್ಟ ಬಕೆಟ್ಟಿನಲ್ಲಿ ಡೆಂಗೆ ಹರಡುವ ಸೊಳ್ಳೆ ವಾರದೊಳಗೆ ಸಂಸಾರ ಹೂಡಬಲ್ಲದು. ಗಾಳಿಯಾಡಿಸುವವರು ಸಣ್ಣ ಕಣ್ಣಿನ ಬಲೆಯನ್ನೋ ತೆಳು ಬಟ್ಟೆಯನ್ನೋ ಬಿಗಿಯಾಗಿ ಕಟ್ಟಬೇಕು.

ಮೆದು ನೀರಿನ ಅಪಾಯ: ಪಿಎಚ್ ಕುಸಿತ

ಮೀನಿನ ಮಲ, ಮಿಕ್ಕ ಆಹಾರ, ಕೊಳೆತ ಎಲೆಗಳಿಂದ ಅಮೋನಿಯಾ ಹುಟ್ಟುತ್ತದೆ. ತೊಟ್ಟಿಯಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಬದಲಿಸುತ್ತವೆ. ಈ ಕಾರ್ಯದಲ್ಲಿ ಪ್ರತಿ ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕ್ಷಾರೀಯತೆ ವ್ಯಯವಾಗುತ್ತದೆ. ಗಡಸು ನೀರಿನಲ್ಲಿ ಈ ವ್ಯಯ ಗಮನಕ್ಕೆ ಬರುವುದಿಲ್ಲ. ಮುರಕಲ್ಲು ಸೀಮೆಯ ನೀರಿನಲ್ಲಿ ಇರುವ ಬಂಡವಾಳವೇ ಅತ್ಯಲ್ಪ. ಕೆಲವು ವಾರಗಳಲ್ಲಿ ಮುಗಿದುಹೋಗುತ್ತದೆ. ಪಿಎಚ್ 6ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾಗಳ ಕೆಲಸವೂ ಕುಂಠಿತಗೊಂಡು ಅಮೋನಿಯಾ ಒಳಗೊಳಗೇ ಶೇಖರವಾಗುತ್ತದೆ.

ಇಲ್ಲಿಯೇ ಮೋಸವಿರುವುದು. ಆಮ್ಲೀಯ ನೀರಿನಲ್ಲಿ ಅಮೋನಿಯಾ ಹೆಚ್ಚಾಗಿ ಅಮೋನಿಯಂ ರೂಪದಲ್ಲಿರುವುದರಿಂದ ಮೀನಿಗೆ ತಕ್ಷಣ ಏನೂ ಆಗುವುದಿಲ್ಲ. 28 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ನೂರರಲ್ಲಿ ಒಂದು ಪಾಲಿಗೂ ಕಡಿಮೆ ಭಾಗ ವಿಷಕಾರಿ ರೂಪದಲ್ಲಿದ್ದರೆ, ಪಿಎಚ್ 8 ಆದಾಗ ಅದು ಆರೇಳು ಪಾಲಿಗೆ ಏರುತ್ತದೆ. ಹಳೆಯ ತೊಟ್ಟಿಗೆ ಒಮ್ಮೆಲೇ ಸುಣ್ಣದ ನೀರನ್ನೋ ಕ್ಷಾರದ ಪುಡಿಯನ್ನೋ ಸುರಿದಾಗ ಮೀನುಗಳು ಒಂದೇ ರಾತ್ರಿಯಲ್ಲಿ ಸಾಯುವುದು ಈ ಕಾರಣದಿಂದ.

ಪರಿಹಾರ ಸರಳ, ಆದರೆ ನಿಧಾನದ್ದು. ಕರಾವಳಿಯಲ್ಲಿ ಸುಲಭವಾಗಿ ಸಿಗುವ ಮರುವಾಯಿ ಚಿಪ್ಪನ್ನು ಚೆನ್ನಾಗಿ ತೊಳೆದು, ಕುದಿಸಿ, ಒಣಗಿಸಿ, ಒಡೆದು ಒಂದು ಹಿಡಿಯಷ್ಟನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ಬಳಿ ಇಡಬಹುದು. ನೀರು ಆಮ್ಲೀಯವಾದಷ್ಟೂ ಚಿಪ್ಪು ಬೇಗ ಕರಗುತ್ತದೆ. ತಟಸ್ಥಕ್ಕೆ ಬಂದಂತೆ ಕರಗುವಿಕೆ ತಾನಾಗಿ ನಿಧಾನಿಸುತ್ತದೆ. ಬೇಗ ಬೇಕೆನ್ನುವವರು ಅಡಿಗೆ ಸೋಡಾ ಬಳಸಬಹುದು. 40 ಲೀಟರ್ ನೀರಿಗೆ ಒಂದು ಗ್ರಾಂ ಸೋಡಾ ಬೆರೆಸಿದರೆ ಕ್ಷಾರೀಯತೆ ಲೀಟರಿಗೆ ಸುಮಾರು 15 ಮಿಲಿಗ್ರಾಂ ಏರುತ್ತದೆ. ದಿನಕ್ಕೆ ಇದಕ್ಕಿಂತ ಹೆಚ್ಚು ಬೇಡ. ಅಮೋನಿಯಾ ಕಂಡುಬಂದಿದ್ದರೆ ಮೊದಲು ಅದೇ ಮೂಲದ ನೀರಿನಿಂದ ಹಲವು ಬಾರಿ ಸ್ವಲ್ಪ ಸ್ವಲ್ಪ ನೀರು ಬದಲಿಸಿ, ಅಮೋನಿಯಾ ಇಳಿದ ನಂತರವೇ ಪಿಎಚ್ ಏರಿಸಬೇಕು. ಸುಟ್ಟ ಸುಣ್ಣವನ್ನು ಯಾವ ಕಾರಣಕ್ಕೂ ತೊಟ್ಟಿಗೆ ಹಾಕಬಾರದು.

ಅಡಿಕೆ ನಾಡಿನ ವಿಶೇಷ ಎಚ್ಚರಿಕೆ: ಮೈಲುತುತ್ತು

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದು ಈ ಸೀಮೆಯ ವಾರ್ಷಿಕ ಕ್ರಮ. ಮುಂಗಾರಿನ ಆರಂಭದಲ್ಲಿ ಒಮ್ಮೆ, 40-45 ದಿನಗಳ ಬಳಿಕ ಮತ್ತೊಮ್ಮೆ ಔಷಧ ಬಿಡುತ್ತಾರೆ. ಶೇಕಡಾ ಒಂದರ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ತಾಮ್ರದ ಸಲ್ಫೇಟ್. ಬೆಳೆಗೆ ಸಂಜೀವಿನಿಯಾದ ಈ ತಾಮ್ರ ಸಿಗಡಿ, ಬಸವನಹುಳು ಮತ್ತು ಮೀನಿಗೆ ಕಡುವಿಷ.

ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ತಾಮ್ರದ ಅಪೇಕ್ಷಣೀಯ ಮಿತಿ ಲೀಟರಿಗೆ 0.05 ಮಿಲಿಗ್ರಾಂ; ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಮನುಷ್ಯನಿಗೆ ಹಾನಿಯಿಲ್ಲದ ಈ ಪ್ರಮಾಣದ ನಡುವೆಯೇ ತೊಟ್ಟಿಯ ಸಿಗಡಿಗಳು ಸತ್ತಿರುತ್ತವೆ. ಕ್ಯಾಲ್ಸಿಯಂ ಕಡಿಮೆಯಿರುವ ಮೆದು, ಆಮ್ಲೀಯ ನೀರಿನಲ್ಲಿ ತಾಮ್ರದ ವಿಷ ಇನ್ನಷ್ಟು ತೀವ್ರ. ಅಂದರೆ ಬೆಂಗಳೂರಿನ ಗಡಸು ನೀರಿನಲ್ಲಿ ಮೀನು ತಾಳಿಕೊಳ್ಳುವ ಪ್ರಮಾಣವೇ ಬೆಟ್ಟಂಪಾಡಿಯ ನೀರಿನಲ್ಲಿ ಪ್ರಾಣ ತೆಗೆಯಬಲ್ಲದು.

ಲಕ್ಷಣಗಳು ಸ್ಪಷ್ಟ. ಮೊದಲು ಬಸವನಹುಳುಗಳು ಚಿಪ್ಪಿನೊಳಗೆ ಸೇರಿ ತಳಕ್ಕೆ ಬೀಳುತ್ತವೆ, ಸಿಗಡಿಗಳು ಸಾಯುತ್ತವೆ, ಆಮೇಲೆ ಮೀನುಗಳು ರೆಕ್ಕೆ ಮುದುಡಿ ಏದುಸಿರು ಬಿಡುತ್ತವೆ. ಗಿಡಗಳು ಮಾತ್ರ ಹಸಿರಾಗಿಯೇ ಇರುತ್ತವೆ. ಗಿಡ ಚೆನ್ನಾಗಿದ್ದು ಪ್ರಾಣಿಗಳಷ್ಟೇ ಸತ್ತರೆ ತಾಮ್ರವನ್ನು ಶಂಕಿಸಬೇಕು.

ತೋಟದ ನಡುವಿನ ಬಾವಿಯನ್ನು ಸಿಂಪಡಣೆಯ ದಿನ ಟಾರ್ಪಾಲಿನಿಂದ ಮುಚ್ಚುವುದು, ಅದಕ್ಕೆ ಮುನ್ನವೇ ಎರಡು ವಾರಕ್ಕೆ ಸಾಲುವಷ್ಟು ನೀರನ್ನು ಮುಚ್ಚಿದ ಡ್ರಮ್ಮಿನಲ್ಲಿ ತುಂಬಿಡುವುದು, ಮಾಡಿನ ನೀರನ್ನು ಆ ಅವಧಿಯಲ್ಲಿ ಬಳಸದಿರುವುದು ಸೂಕ್ತ. ದ್ರಾವಣ ಕಲಸಿದ ಡ್ರಮ್ಮು, ಬಕೆಟ್ಟು, ಪೈಪುಗಳನ್ನು ಎಷ್ಟೇ ತೊಳೆದರೂ ಅಕ್ವೇರಿಯಂ ಕೆಲಸಕ್ಕೆ ತರಬಾರದು. ಪಾಚಿ ನಾಶಕ್ಕೆಂದು ಮಾರುವ ಕೆಲವು ದ್ರಾವಣಗಳಲ್ಲಿಯೂ ತಾಮ್ರವಿರುತ್ತದೆ. ಬಾಟಲಿಯ ಚೀಟಿ ಓದಿಯೇ ಕೊಳ್ಳಬೇಕು.

ಹೊಸ ತೊಟ್ಟಿಗೆ ಆರು ವಾರ

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಲೆಕ್ಕಕ್ಕೆ ಸುಮಾರು 57 ಲೀಟರ್ ಹಿಡಿಸಿದರೂ ಮರಳು, ಕಲ್ಲು ಕಳೆದು ಉಳಿಯುವುದು ಸುಮಾರು 45 ಲೀಟರ್. ಔಷಧ, ಗೊಬ್ಬರಗಳ ಪ್ರಮಾಣವನ್ನು ಈ ನಿಜವಾದ ಲೆಕ್ಕದ ಮೇಲೆಯೇ ನಿರ್ಧರಿಸಬೇಕು.

ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಈ ಅವಧಿಯಲ್ಲಿ ಗಿಡಗಳನ್ನು ದಟ್ಟವಾಗಿ ನೆಟ್ಟು, ಮೀನು ಬಿಡದೆ ಕಾಯುವುದು ಉತ್ತಮ. ಹಳೆಯ ಆರೋಗ್ಯಕರ ತೊಟ್ಟಿಯ ಸ್ಪಂಜಿನ ತುಂಡೊಂದನ್ನು ಹೊಸ ಫಿಲ್ಟರಿಗೆ ಸೇರಿಸಿದರೆ ಅವಧಿ ಕಡಿಮೆಯಾಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಮೂರ್ನಾಲ್ಕು ಮೀನುಗಳಿಂದ ಆರಂಭಿಸಬೇಕು.

ಮುರಕಲ್ಲಿನ ಪುಡಿ ಹಾಕಬಹುದೇ?

ಇಲ್ಲಿ ಒಂದು ಸ್ವಾರಸ್ಯವಿದೆ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ ಮಲಬಾರಿನ ಕೆಂಪು ಕಲ್ಲಿಗೆ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂಬ ಹೆಸರಿತ್ತ. ನಮ್ಮ ಮನೆಗಳ ಗೋಡೆಗೆ ಬಳಸುವ ಮುರಕಲ್ಲು ಇದೇ. 1980ರ ದಶಕದಲ್ಲಿ ಜರ್ಮನಿಯ ಹವ್ಯಾಸಿಗಳು ಜಲಸಸ್ಯಗಳಿಗೆ ಕಬ್ಬಿಣ ಒದಗಿಸಲು ತೊಟ್ಟಿಯ ತಳಕ್ಕೆ ಲ್ಯಾಟರೈಟ್ ಹಾಕುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು.

ಆದರೆ ಮುರಕಲ್ಲು ಪೂರ್ಣಾಹಾರವಲ್ಲ. ಅದರಲ್ಲಿ ಸಾರಜನಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಬಹಳ ಕಡಿಮೆ. ಕಬ್ಬಿಣದ ಆಕ್ಸೈಡು ರಂಜಕವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅಂಗಳದ ಗೋಡೆಯ ಕೆಲಸದಲ್ಲಿ ಉಳಿದ ಕಲ್ಲಿನ ಪುಡಿಯನ್ನು ಬಳಸುವುದಾದರೆ ಸಿಮೆಂಟಿನ ಅಂಶ ತಾಗದ್ದನ್ನು ಆರಿಸಿ, ತೊಳೆದು, ತೆಳುವಾಗಿ ಹರಡಿ, ಮೇಲೆ ಎರಡೂವರೆ ಸೆಂಟಿಮೀಟರಿನಷ್ಟು ತೊಳೆದ ಹೊಳೆಮರಳು ಮುಚ್ಚಬೇಕು. ಡಯಾನಾ ವಾಲ್‌ಸ್ಟಡ್ 1999ರಲ್ಲಿ ತಮ್ಮ ಕೃತಿಯ ಮೂಲಕ ಪರಿಚಯಿಸಿದ ಮಣ್ಣಿನ ತೊಟ್ಟಿಯ ವಿಧಾನವೂ ಹೀಗೆಯೇ, ತೆಳು ಮಣ್ಣು ಮತ್ತು ಮೇಲೆ ಜಲ್ಲಿಯ ಮುಚ್ಚಿಗೆ.

ಅಡಿಕೆ ತೋಟದ ಮೇಲ್ಮಣ್ಣು ಮಾತ್ರ ಬೇಡವೇ ಬೇಡ. ವರ್ಷಾನುಗಟ್ಟಲೆ ಸಿಂಪಡಿಸಿದ ತಾಮ್ರ ಅದರಲ್ಲಿ ಸೇರಿರುತ್ತದೆ; ಹಟ್ಟಿಗೊಬ್ಬರದಿಂದ ಅಮೋನಿಯಾ ಹೊಮ್ಮುತ್ತದೆ.

ಎಲೆ ನೋಡಿ ರೋಗ ತಿಳಿಯಿರಿ

ಕೃಷಿಕರಿಗೆ ಪರಿಚಿತವಾದ ಸೂತ್ರವೇ ಜಲಸಸ್ಯಕ್ಕೂ ಅನ್ವಯ. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಗಿಡ ಹಳೆಯ ಎಲೆಯಿಂದ ಹೊಸ ಚಿಗುರಿಗೆ ಸಾಗಿಸಬಲ್ಲದು. ಹಾಗಾಗಿ ಅವುಗಳ ಕೊರತೆ ಹಳೆಯ ಎಲೆಗಳಲ್ಲಿ ಕಾಣುತ್ತದೆ. ಕಬ್ಬಿಣ, ಕ್ಯಾಲ್ಸಿಯಂಗಳನ್ನು ಸಾಗಿಸಲಾರದು. ಅವುಗಳ ಕೊರತೆ ಚಿಗುರಿನಲ್ಲಿ ಕಾಣುತ್ತದೆ.

- ಹಳೆಯ ಎಲೆ ಪೂರ್ತಿ ಹಳದಿಯಾಗಿ ಉದುರಿದರೆ: ಸಾರಜನಕದ ಕೊರತೆ. ಮೀನು ತೀರಾ ಕಡಿಮೆಯಿರುವ ತೊಟ್ಟಿಯಲ್ಲಿ ಸಾಮಾನ್ಯ.
- ಹಳೆಯ ಎಲೆಯಲ್ಲಿ ಸೂಜಿಮೊನೆಯಂಥ ತೂತು, ಅದರ ಸುತ್ತ ಹಳದಿ: ಪೊಟ್ಯಾಸಿಯಂ ಕೊರತೆ.
- ಹಳೆಯ ಎಲೆಯ ನರ ಹಸಿರು, ನಡುವಿನ ಭಾಗ ಹಳದಿ: ಮೆಗ್ನೀಸಿಯಂ ಕೊರತೆ. ಮೆದು ನೀರಿನಲ್ಲಿ ಹೆಚ್ಚು.
- ಚಿಗುರು ಬಿಳಿಚಿ, ನರ ಮಾತ್ರ ಹಸಿರು: ಕಬ್ಬಿಣದ ಕೊರತೆ. ನೀರಿನಲ್ಲಿ ಕಬ್ಬಿಣವಿದ್ದರೂ ಪಿಎಚ್ ಹೆಚ್ಚಿರುವ ಗಡಸು ನೀರಿನಲ್ಲಿ ಗಿಡಕ್ಕೆ ಅದು ದಕ್ಕುವುದಿಲ್ಲ. ಕೀಲೇಟ್ ರೂಪದ ಕಬ್ಬಿಣ ಬೇಕಾಗುತ್ತದೆ.
- ಚಿಗುರು ಗಿಡ್ಡವಾಗಿ ಸುರುಟಿಕೊಂಡರೆ: ಕ್ಯಾಲ್ಸಿಯಂ ಕೊರತೆ. ಮುರಕಲ್ಲು ಸೀಮೆಯಲ್ಲಿ ಮೊದಲು ಶಂಕಿಸಬೇಕಾದದ್ದು ಇದನ್ನೇ.

ಎಲ್ಲ ಎಲೆ ಉದುರುವುದೂ ರೋಗವಲ್ಲ. ನರ್ಸರಿಗಳಲ್ಲಿ ಬಹುತೇಕ ಗಿಡಗಳನ್ನು ನೀರಿನ ಮೇಲೆ ಬೆಳೆಸಿರುತ್ತಾರೆ; ಮುಳುಗಿಸಿದಾಗ ಹಳೆಯ ಎಲೆ ಕೊಳೆತು ಹೊಸ ಎಲೆ ಬರುವುದು ಸಹಜ. ಕ್ರಿಪ್ಟೊಕೊರೈನ್ ಜಾತಿಯ ಗಿಡಗಳಂತೂ ಜಾಗ ಬದಲಿಸಿದರೆ ಸಾಕು, ಪೂರ್ತಿ ಕರಗಿದಂತೆ ಕಾಣುತ್ತವೆ. ಗಡ್ಡೆ ಗಟ್ಟಿಯಿದ್ದರೆ ಕೀಳದೆ ಒಂದು ತಿಂಗಳು ಕಾಯಬೇಕು. ಹಾಳಾದ ಎಲೆಗಳನ್ನು ಮಾತ್ರ ಕತ್ತರಿಸಿ ತೆಗೆದರಾಯಿತು.

ಬೆಳಕು ಮತ್ತು ಪಾಚಿ

ಪಾಚಿ ಬಂದಿದೆಯೆಂದರೆ ಬೆಳಕು, ಗೊಬ್ಬರ, ಇಂಗಾಲ ಇವುಗಳ ಹೊಂದಾಣಿಕೆ ತಪ್ಪಿದೆ ಎಂದರ್ಥ. ಹೊಸ ತೊಟ್ಟಿಗೆ ದಿನಕ್ಕೆ ಆರು ಗಂಟೆ, ಗಿಡ ನೆಲೆನಿಂತ ಮೇಲೆ ಎಂಟು ಗಂಟೆ ಎಲ್‌ಇಡಿ ದೀಪದ ಬೆಳಕು ಸಾಕು. ಸಮಯಕ್ಕೆ ಸರಿಯಾಗಿ ಆರಿಸುವ ಟೈಮರ್ ಅಳವಡಿಸುವುದು ಲೇಸು. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ತೊಟ್ಟಿ ಇಡಬಾರದು.

ಮೊದಲ ವಾರಗಳಲ್ಲಿ ಗಾಜಿಗೆ ಹಿಡಿಯುವ ಕಂದು ಪುಡಿ ಡಯಾಟಂ. ಒರೆಸಿದರೆ ಸಾಕು, ಕ್ರಮೇಣ ಮಾಯವಾಗುತ್ತದೆ. ನೀರೇ ಹಸಿರಾದರೆ ಮೂರ್ನಾಲ್ಕು ದಿನ ದೀಪ ಆರಿಸಿ, ತೊಟ್ಟಿಗೆ ಬಟ್ಟೆ ಮುಚ್ಚಿ, ಗಾಳಿಯಾಡಿಸಿ, ಬಳಿಕ ಅರ್ಧದಷ್ಟು ನೀರು ಬದಲಿಸಬೇಕು. ಎಲೆಯಂಚಿನಲ್ಲಿ ಕಪ್ಪು ಗಡ್ಡದಂತೆ ಬೆಳೆಯುವುದು ಕೆಂಪು ಪಾಚಿಯ ಜಾತಿಗೆ ಸೇರಿದ್ದು. ಇಂಗಾಲದ ಡೈಆಕ್ಸೈಡ್ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆಯಾಗುವ ತೊಟ್ಟಿಗಳಲ್ಲಿ ಹೆಚ್ಚು. ಆ ಎಲೆಗಳನ್ನೇ ಕತ್ತರಿಸಬೇಕು. ಲೋಳೆಯಾಗಿ ಹಾಸಿಕೊಂಡು ಕೆಟ್ಟ ವಾಸನೆ ಬೀರುವ ನೀಲಿಹಸಿರು ಪದರ ಪಾಚಿಯೇ ಅಲ್ಲ, ಅದು ಬ್ಯಾಕ್ಟೀರಿಯಾ. ಕೈಯಿಂದ ತೆಗೆದು, ನೀರಿನ ಚಲನೆ ಹೆಚ್ಚಿಸಿ, ತಳ ಶುಚಿಗೊಳಿಸಬೇಕು.

ಸಿಲಿಂಡರಿನ ಇಂಗಾಲದ ಡೈಆಕ್ಸೈಡ್ ಎಲ್ಲರಿಗೂ ಅಗತ್ಯವಿಲ್ಲ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಕ್ರಿಪ್ಟೊಕೊರೈನ್, ಜಾವಾ ಪಾಚಿ, ಅನುಬಿಯಾಸ್‌ಗಳು ಅದಿಲ್ಲದೆಯೂ ಬೆಳೆಯುತ್ತವೆ. ಪಶ್ಚಿಮ ಘಟ್ಟದ ತವರಿನದೇ ಆದ ಕೆಂಪು ರೋಟಾಲಾ ಮಕ್ರಾಂಡ್ರಾ ಮಾತ್ರ ಹೆಚ್ಚು ಬೆಳಕು ಮತ್ತು ಇಂಗಾಲ ಬೇಡುವ ಸೂಕ್ಷ್ಮ ಸಸ್ಯ. ಮೆದು ನೀರನ್ನು ಇಷ್ಟಪಡುವ ಅದಕ್ಕೆ ಗಡಸು ನೀರಿನ ಊರುಗಳಿಗಿಂತ ಕರಾವಳಿ, ಮಲೆನಾಡೇ ಲೇಸು.

ಮೀನು ಬಾಯಿ ತೆರೆದರೆ, ಕರೆಂಟು ಹೋದರೆ

ಗಿಡಗಳು ಹಗಲಿನಲ್ಲಿ ಆಮ್ಲಜನಕ ಬಿಟ್ಟರೂ ರಾತ್ರಿ ತಾವೇ ಅದನ್ನು ಬಳಸುತ್ತವೆ. ಮುಂಜಾವಿನಲ್ಲಿ ಮೀನುಗಳು ಮೇಲ್ಮೈಯಲ್ಲಿ ಏದುಸಿರು ಬಿಡುವುದಕ್ಕೆ ಇದೇ ಮುಖ್ಯ ಕಾರಣ. ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿಯುವ ಶಕ್ತಿ ಕುಗ್ಗುತ್ತದೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.5. ಕರಾವಳಿಯ ಏಪ್ರಿಲ್, ಮೇ ತಿಂಗಳಲ್ಲಿ ಮೀನಿನ ಸಂಖ್ಯೆ ಕಡಿಮೆ ಇರುವುದೇ ಕ್ಷೇಮ. ತೊಟ್ಟಿಯ ಮೇಲ್ಮೈಗೆ ಸಣ್ಣ ಫ್ಯಾನ್ ಗಾಳಿ ಬೀಸಿದರೆ ಉಷ್ಣತೆ ಎರಡು ಡಿಗ್ರಿಯಷ್ಟು ಇಳಿಯುತ್ತದೆ.

ಏದುಸಿರು ಕಂಡ ಕೂಡಲೇ ಗಾಳಿಯಾಡಿಸಿ, ಸಿಲಿಂಡರಿನ ಅನಿಲವಿದ್ದರೆ ನಿಲ್ಲಿಸಿ, ಮೂರನೆಯ ಒಂದು ಭಾಗ ನೀರು ಬದಲಿಸಬೇಕು. ಆಮೇಲೆ ಅಮೋನಿಯಾ ಅಳೆಯಬೇಕು. ಔಷಧದ ಮಾತು ಕೊನೆಗೆ.

ಮಳೆಗಾಲದಲ್ಲಿ ಮರ ಬಿದ್ದು ಗಂಟೆಗಟ್ಟಲೆ ವಿದ್ಯುತ್ ಕಡಿತವಾಗುವುದು ಗ್ರಾಮೀಣ ಭಾಗದಲ್ಲಿ ಸಾಮಾನ್ಯ. ಹರಿವು ನಿಂತ ಮುಚ್ಚಿದ ಫಿಲ್ಟರಿನೊಳಗೆ ಬ್ಯಾಕ್ಟೀರಿಯಾಗಳು ಉಸಿರುಗಟ್ಟಿ ಸಾಯುತ್ತವೆ. ಬ್ಯಾಟರಿ ಚಾಲಿತ ಗಾಳಿಪಂಪು ಮತ್ತು ಸ್ಪಂಜು ಫಿಲ್ಟರ್ ಇಲ್ಲಿಗೆ ಹೆಚ್ಚು ಸೂಕ್ತ. ಕರೆಂಟಿಲ್ಲದ ದಿನ ಮೀನಿಗೆ ಆಹಾರ ಹಾಕಬಾರದು. ಆರೋಗ್ಯವಂತ ಮೀನು ಎರಡು ಮೂರು ದಿನ ಉಪವಾಸವಿರಬಲ್ಲದು.

ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಕಂಡರೆ ಅದು ಪರೋಪಜೀವಿಯ ರೋಗ. ಉಪ್ಪಿನ ಚಿಕಿತ್ಸೆ ಗಿಡಗಳಿಗೆ ಹಾನಿಕರವಾದ್ದರಿಂದ ಮೀನುಗಳನ್ನು ಬೇರೆ ತೊಟ್ಟಿಗೆ ವರ್ಗಾಯಿಸಿ ಉಪಚರಿಸಬೇಕು.

ನಿಯತ ಆರೈಕೆ

- ದಿನವೂ: ಮೀನುಗಳನ್ನು ಎಣಿಸಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ.
- ವಾರಕ್ಕೊಮ್ಮೆ: ಕಾಲು ಭಾಗ ನೀರು ಬದಲಿಸಿ, ಗಾಜು ಒರೆಸಿ, ಪಿಎಚ್ ಅಳೆದು ಪುಸ್ತಕದಲ್ಲಿ ಬರೆದಿಡಿ.
- ಎರಡು ವಾರಕ್ಕೊಮ್ಮೆ: ಉದ್ದ ಬೆಳೆದ ಗಿಡ ಕತ್ತರಿಸಿ, ಕೊಳೆತ ಎಲೆ ತೆಗೆಯಿರಿ.
- ತಿಂಗಳಿಗೊಮ್ಮೆ: ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ, ನಳ್ಳಿಯಡಿ ತೊಳೆಯಬೇಡಿ. ಕ್ಷಾರೀಯತೆ ಅಳೆಯಿರಿ.
- ಮಳೆಗಾಲದ ಆರಂಭದಲ್ಲಿ: ಬಾವಿಯ ನೀರು ಏರಿದಾಗ ಅದರ ಗುಣವೂ ಬದಲಾಗುತ್ತದೆ. ನೀರನ್ನು ಹೊಸದಾಗಿ ಪರೀಕ್ಷಿಸಿ.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಎರಡು ವಾರ ಕಾದು ಫಲ ನೋಡುವುದು ಎಲ್ಲಕ್ಕಿಂತ ದೊಡ್ಡ ನಿಯಮ. ಬೆಳಕು, ಗೊಬ್ಬರ, ಔಷಧ ಮೂರನ್ನೂ ಒಂದೇ ದಿನ ಬದಲಿಸಿದವರಿಗೆ ಯಾವುದು ಗುಣ ಮಾಡಿತು, ಯಾವುದು ಕೆಡಿಸಿತು ಎಂಬುದು ಎಂದೂ ತಿಳಿಯುವುದಿಲ್ಲ.

ತೊಟ್ಟಿಯದು ಹೊಳೆಗೆ ಸೇರದಿರಲಿ

ಹವ್ಯಾಸ ಬೇಸರವಾದಾಗ ಮೀನು, ಗಿಡಗಳನ್ನು ಹತ್ತಿರದ ತೋಡಿಗೆ ಬಿಡುವುದು ಪುಣ್ಯದ ಕೆಲಸವೆಂದು ಕೆಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಹೊಳೆಗೆ ಎಸಗುವ ದ್ರೋಹ. ಅಕ್ವೇರಿಯಂನ ಗಾಜು ಶುಚಿಗೊಳಿಸಲು ತರುವ ದಕ್ಷಿಣ ಅಮೆರಿಕದ ಸಕರ್ ಮೀನು ಕೇರಳದ ಜಲಮೂಲಗಳಲ್ಲಿ ಈಗಾಗಲೇ ನೆಲೆಯೂರಿದೆ. ಕೆಂಪು ಕಬೊಂಬಾ ಗಿಡ ಅಲ್ಲಿನ ಕಾಲುವೆಗಳನ್ನು ತುಂಬಿದೆ. ಸುಳ್ಯದ ಪಯಸ್ವಿನಿ ಗಡಿ ದಾಟಿ ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ ಸಮುದ್ರ ಸೇರುತ್ತದೆ; ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡುತ್ತದೆ. ತೋಡಿಗೆ ಬಿಟ್ಟದ್ದು ತೋಡಿನಲ್ಲಿ ಉಳಿಯುವುದಿಲ್ಲ.

ಹೊಳೆಯಿಂದ ತೊಟ್ಟಿಗೆ ತರುವುದೂ ಅಷ್ಟೇ ತಪ್ಪು. ‘ಮಿಸ್ ಕೇರಳ’ ಎಂದು ಜಗತ್ಪ್ರಸಿದ್ಧವಾದ, ಕೆಂಪು ಪಟ್ಟಿಯ ಸಹ್ಯಾದ್ರಿಯಾ ಡೆನಿಸೋನಿ ಮೀನು ಕೇರಳ ಮತ್ತು ದಕ್ಷಿಣ ಕರ್ನಾಟಕದ ಘಟ್ಟದ ಹೊಳೆಗಳಲ್ಲಿ ಮಾತ್ರ ಇರುವಂಥದ್ದು. ಅಲಂಕಾರಿಕ ಮೀನಿನ ವ್ಯಾಪಾರಕ್ಕಾಗಿ ಮಿತಿಮೀರಿ ಹಿಡಿದ ಕಾರಣ ಅದು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಅಳಿವಿನಂಚಿನ ಪಟ್ಟಿಗೆ ಸೇರಿದೆ. ಹರಿಯುವ ತಂಪು ನೀರಿನಲ್ಲಿ ಗುಂಪಾಗಿ ಬದುಕುವ ಈ ಮೀನು ಎರಡಡಿಯ ತೊಟ್ಟಿಯಲ್ಲಿ ಸುಖವಾಗಿರಲಾರದು.

ಕತ್ತರಿಸಿದ ಗಿಡಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ಬೇಡವಾದ ಮೀನುಗಳನ್ನು ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡಬೇಕು. ತೊಟ್ಟಿಯಿಂದ ತೆಗೆದ ಹಳೆಯ ನೀರು ಮಾತ್ರ ವ್ಯರ್ಥವಲ್ಲ. ಔಷಧ, ಉಪ್ಪು ಬೆರೆಯದ ಆ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಅಂಗಳದ ಮಲ್ಲಿಗೆಗೂ ಬಸಳೆ ಚಪ್ಪರಕ್ಕೂ ಅದು ಉತ್ತಮ ಗೊಬ್ಬರ.